ಜಮಖಾನೆಯ ಕೆಳಗಿನ ಐದು ಕಾಲಿನ ಆನೆ

ಕಾಕಾ ಅಂಗಡಿಯ ಬಾಗಿಲು ಹಾಕಿ ಹದಿನೈದು ದಿನವಾಯಿತು. ಗಾಬರಿಯಾಗಬೇಡಿ, ಮನುಷ್ಯ ಗಟ್ಟಿಮುಟ್ಟಾಗಿದ್ದಾರೆ. ಊಟಕ್ಕೆ ಕುಳಿತರೆ ಇವತ್ತಿಗೂ ನನಗಿಂತ ಒಂದು ರೊಟ್ಟಿ ಹೆಚ್ಚು. ಇದನ್ನು ಮೊದಲೇ ಹೇಳುವುದು ಯಾಕೆಂದರೆ, ಯಾರ ಬಗ್ಗೆಯಾದರೂ ನಾಲ್ಕು ಒಳ್ಳೆಯ ಮಾತು ಬರೆದರೆ ಸಾಕು, ನಮ್ಮ ಗದಗ-ಬೆಟಗೇರಿಯ ಮಂದಿ ‘ಅಯ್ಯ, ಯಾವಾಗ ಹೋದ್ರು?’ ಎಂದು ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಟೇಬಿಡುತ್ತಾರೆ. ಕಾಕಾನಿಗೆ ಕಿವಿ ಮಂದವಾಗಿದೆ, ಅದಕ್ಕೆ ಅಂಗಡಿ ಮುಚ್ಚಿದರು, ಅಷ್ಟೆ. ಕಂಪ್ಯೂಟರ್ ರಿಪೇರಿ ಮಾಡುವವರಿಗೆ ಕಿವಿಯಿಂದ ಏನಾಗಬೇಕು ಎಂದು ನೀವು ಕೇಳಬಹುದು. ಬರುತ್ತೇನೆ ಅಲ್ಲಿಗೆ.

‘ನಿಮ್ಮ ಮ್ಯಾಲ ಒಂದು ಲೇಖನ ಬರೀತೀನ್ರಿ ಕಾಕಾ’ ಎಂದೆ. ಎರಡು ಸಲ ಕೂಗಿದ ಮೇಲೆ ಕೇಳಿಸಿತು.

‘ಬರಿ. ಹೆಸರು ಹಾಕಬ್ಯಾಡ.’

‘ಯಾಕ್ರಿ?’

‘ಹೆಸರು ಹಾಕಿದಿ ಅಂದ್ರ ನಾಳೆ ಮುಂಜಾನಿ ಫೋನ್ ಹೊಡ್ಯಾಕ ಸುರು ಮಾಡ್ತಾರ. ಎತ್ತಿದ್ರ ನನಗ ಕೇಳಸಂಗಿಲ್ಲ, ಎತ್ತದಿದ್ರ ಅವರು ಬಿಡಂಗಿಲ್ಲ.’

ಹಾಗಾಗಿ ಹೆಸರಿಲ್ಲ. ಸಂಬಂಧದಲ್ಲಿ ಅವರು ನನಗೆ ಕಾಕಾ ಏನೂ ಅಲ್ಲ. ಬೆಟಗೇರಿಯಿಂದ ಮುಂಡರಗಿಯವರೆಗೆ ಎಲ್ಲರಿಗೂ ಅವರು ಕಾಕಾ, ಅವರಿಗಿಂತ ಹತ್ತು ವರ್ಷ ಹಿರಿಯರಿಗೂ ಕಾಕಾ.

ಅಂಗಡಿ ಇದ್ದದ್ದು ಬೆಟಗೇರಿಯಲ್ಲಿ, ಒಂದು ಹಿಟ್ಟಿನ ಗಿರಣಿಯ ಮೇಲೆ. ಕೆಳಗೆ ಜೋಳ ಬೀಸುವಾಗ ಮೇಲೆ ನಮ್ಮ ಟೇಬಲ್ಲು ಸಣ್ಣಗೆ ನಡುಗುತ್ತಿತ್ತು. ಹಿಟ್ಟಿನ ಧೂಳು ಕಿಟಕಿಯಿಂದ ಬಂದು ಎಲ್ಲದರ ಮೇಲೂ ಕೂರುತ್ತಿತ್ತು. ರಿಪೇರಿಗೆ ಬಂದ ಗಿರಾಕಿ ಒಂದು ತಾಸು ಕುಳಿತರೆ, ಇಳಿದು ಹೋಗುವಾಗ ಹುಬ್ಬು ಬೆಳ್ಳಗಾಗಿ ಅವರ ಅಪ್ಪನ ಹಾಗೆ ಕಾಣುತ್ತಿದ್ದರು. ಎರಡೂವರೆ ವರ್ಷ ನಾನು ಆ ಹಿಟ್ಟಿನಲ್ಲಿ ಕೆಲಸ ಕಲಿತೆ. ಕಲಿತೆ ಎಂದು ನಾನು ಹೇಳುತ್ತೇನೆ. ಕಾಕಾನನ್ನು ಕೇಳಿದರೆ ‘ಬರ್ತಿದ್ದ’ ಎನ್ನುತ್ತಾರೆ.

ಕಂಪ್ಯೂಟರಿಗೆ ಬರುವ ರೋಗ ನೂರಾರು. ಕಾಕಾನ ಹೆಸರು ಓಡಿದ್ದು ಮಾತ್ರ ಒಂದೇ ರೋಗಕ್ಕೆ. ಸಣ್ಣ ಊರಿನ ಪ್ರೆಸ್ಸು, ದವಾಖಾನೆ, ಕಾಳುಕಡಿ ಮಾರಿಸಿಕೊಡುವ ಅಡತಿ ಅಂಗಡಿಗಳಲ್ಲಿ ಫೈಲುಗಳನ್ನೆಲ್ಲ ಒಳಕೋಣೆಯ ಒಂದು ಕಂಪ್ಯೂಟರಿನಲ್ಲಿ ಇಟ್ಟಿರುತ್ತಾರೆ. ಹೊರಗಿನ ಕಂಪ್ಯೂಟರು ಮುಂಜಾನೆ ಎದ್ದ ಕೂಡಲೇ ಒಳಗಿನದನ್ನು ಕರೆದು, ಅದರ ಫೋಲ್ಡರನ್ನು ತಂತಿಯ ಮೂಲಕ ತಂದು ತನ್ನಲ್ಲಿ ಹಾಸಿಕೊಳ್ಳಬೇಕು. ಕಸುಬಿನವರು ಇದಕ್ಕೆ ಮೌಂಟ್ ಎನ್ನುತ್ತಾರೆ, ಕಾಕಾ ‘ಹಾಸೂದು’ ಎನ್ನುತ್ತಿದ್ದರು. ಹಾಸಿದರೆ ಕೆಲಸ ಶುರು. ಹಾಸದಿದ್ದರೆ ಇಡೀ ಆಫೀಸು ಕೈಕಟ್ಟಿ ಕೂರಬೇಕು. ಮಜಾ ಏನೆಂದರೆ ಈ ರೋಗ ಮುಂಜಾನೆ ಎದ್ದಾಗಷ್ಟೇ ಇರುತ್ತದೆ. ಮಧ್ಯಾಹ್ನ ರಿಪೇರಿಯವನು ಬಂದು ನೋಡಿದರೆ ಎಲ್ಲ ನೆಟ್ಟಗೆ. ಶಾಲೆಗೆ ಹೋಗುವ ಹೊತ್ತಿಗೆ ಹೊಟ್ಟೆನೋವು ಬರುತ್ತದಲ್ಲ, ಅಂಥದು.

ಅದಕ್ಕೆ ಕಾಕಾ ಮುಂಜಾನೆಯೇ ಹೋಗುತ್ತಿದ್ದರು, ಬೀಗ ತೆಗೆಯುವುದಕ್ಕೂ ಮೊದಲು. ಗಾಡಿ ಹೊಡೆಯಲು ಬಾರದು, ಬಸ್ಸೇ ಗತಿ. ವೈರಿನ ಚೀಲದಲ್ಲಿ ಎರಡು ರೊಟ್ಟಿ, ಶೇಂಗಾ ಚಟ್ನಿ, ತಂತಿ ಕತ್ತರಿಸುವ ಇಕ್ಕಳ. ಅಂಗಿಯ ಜೇಬಿನಲ್ಲಿ ಪೆನ್ನಿನ ಬದಲು ಟೆಸ್ಟರ್. ಮದುವೆಗೆ ಹೋದರೂ ಟೆಸ್ಟರ್ ಇರುತ್ತಿತ್ತು. ಒಮ್ಮೆ ಅಡರಕಟ್ಟಿಯ ಮದುವೆಯಲ್ಲಿ ಮುಯ್ಯಿ ಬರೆಯುವವರು ‘ಪೆನ್ ಕೊಡ್ರಿ’ ಎಂದು ಅದನ್ನೇ ಕಿತ್ತುಕೊಂಡು ಎರಡು ಸಲ ಗೀಚಿ ನೋಡಿದ್ದರು.

ಜಾಗಕ್ಕೆ ಹೋದ ಮೇಲೆ ಕಾಕಾ ಏನನ್ನೂ ಮುಟ್ಟುತ್ತಿರಲಿಲ್ಲ. ಮೂಲೆಯ ಕುರ್ಚಿ ಹಿಡಿದು ಒಂದು ಅಡಿಕೆ ಹೋಳು ಎಡಗಲ್ಲಕ್ಕೆ ತಳ್ಳಿ, ‘ನೀವು ದಿನಾ ಹೆಂಗ ಚಾಲೂ ಮಾಡ್ತೀರಿ, ಹಂಗಽ ಮಾಡ್ರಿ. ನಾ ಇಲ್ಲೇ ಇಲ್ಲ ಅಂತ ತಿಳ್ಕೋರಿ’ ಎಂದು ಕಣ್ಣು ಮುಚ್ಚುತ್ತಿದ್ದರು. ನೋಡಿದವರಿಗೆ ನಿದ್ದೆ. ಅಸಲಿಗೆ ಅವರು ಕೇಳಿಸಿಕೊಳ್ಳುತ್ತಿದ್ದರು. ಹರೆಯದಲ್ಲಿ ರೇಡಿಯೋ ರಿಪೇರಿ ಮಾಡಿದ ಕಿವಿ ಅದು. ಯಾವ ಕಂಪ್ಯೂಟರಿನ ಫ್ಯಾನು ಮೊದಲು ಎದ್ದಿತು, ಯಾವುದರ ಡಿಸ್ಕು ಇನ್ನೂ ಗೊರಕೆ ಹೊಡೆಯುತ್ತಿದೆ, ಎಲ್ಲ ಕುರ್ಚಿಯಲ್ಲೇ ತಿಳಿಯುತ್ತಿತ್ತು. ಕಣ್ಣು ಬಿಟ್ಟು ಕೊಡುತ್ತಿದ್ದ ತೀರ್ಪು ಹೆಚ್ಚಾಗಿ ಒಂದೇ: ‘ಕೆಟ್ಟಿಲ್ರಿ ಇದು. ಜಲ್ದಿ ಮಾಡೈತಿ.’ ಒಳಗಿನದು ಏಳುವ ಮೊದಲೇ ಹೊರಗಿನದು ಕರೆದುಬಿಟ್ಟಿದೆ ಎಂದರ್ಥ.

ಮುಂಡರಗಿಯ ಒಂದು ಅಡತಿ ಅಂಗಡಿಯ ಕಥೆ ಹೇಳಿಬಿಡುತ್ತೇನೆ, ಹೇಳದಿದ್ದರೆ ನನಗೆ ಉಂಡದ್ದು ಕರಗುವುದಿಲ್ಲ. ಅಲ್ಲಿನ ಗುಮಾಸ್ತ ಫೋನಿನಲ್ಲಿ ಹೇಳಿದ್ದೇ ವಿಚಿತ್ರ: ‘ಕಾಕಾ, ನಮ್ಮಲ್ಲಿ ಪೂಜಿ ಆಗೂತನಕ ಫೈಲ್ ಬರಂಗಿಲ್ರಿ.’ ಮೊದಲು ಬಂದಿದ್ದ ಯಾರೋ ಇಂಜಿನಿಯರು ಇಡೀ ಅಂಗಡಿಯ ತಂತಿ ಬದಲಿಸಬೇಕು ಎಂದು ಹೇಳಿಹೋಗಿದ್ದರಂತೆ. ನಾವು ಹೋಗಿ ಕುಳಿತೆವು. ಒಂಬತ್ತಕ್ಕೆ ಗುಮಾಸ್ತ ಬಂದು ಕಂಪ್ಯೂಟರು ಹಚ್ಚಿದ. ಫೋಲ್ಡರಿನ ಮೇಲೆ ಕೆಂಪು ಗುರುತು. ಹತ್ತೂವರೆಗೆ ಸಾಹುಕಾರರು ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಬಂದರು, ದೇವರ ಫೋಟೊಕ್ಕೆ ಹೂ ಏರಿಸಿದರು, ಫೋಟೊದ ಸುತ್ತಲಿನ ಮಿಣಿಮಿಣಿ ದೀಪದ ಸ್ವಿಚ್ ಒತ್ತಿದರು. ಹತ್ತು ನಿಮಿಷದಲ್ಲಿ ಫೈಲುಗಳು ದರ್ಶನ ಕೊಟ್ಟವು. ಗುಮಾಸ್ತ ನನ್ನ ಕಡೆ ನೋಡಿ ಕೈ ಮುಗಿದ.

ಕಾಕಾ ಕಣ್ಣು ಬಿಟ್ಟರು. ಎದ್ದು ಹೋಗಿ ಫೋಟೊದ ಹಿಂದೆ ಇಣುಕಿ, ‘ಸಾಹುಕಾರ್ರ, ನಿಮ್ಮ ದೇವರ ಬೆನ್ನ ಹಿಂದ ಒಂದು ಡಬ್ಬಿ ಐತ್ರಿ’ ಎಂದರು. ಎಲ್ಲ ಕಂಪ್ಯೂಟರುಗಳ ತಂತಿ ಬಂದು ಕೂಡುವ ಡಬ್ಬಿ ಅದು. ಅದರ ಪ್ಲಗ್ಗು ದೇವರ ದೀಪದ ಬೋರ್ಡಿನಲ್ಲಿತ್ತು. ದೀಪ ಹೊತ್ತುವವರೆಗೆ ಡಬ್ಬಿಗೆ ಕರೆಂಟಿಲ್ಲ.

‘ಪ್ಲಗ್ ಅಕಡೆ ತಗೀಲೇನ್ರಿ?’ ನಾನು ಕೈ ಹಾಕಲು ಹೋದೆ.

‘ಏ ಹುಡುಗಾ! ದೇವರ ಬೋರ್ಡಿಗೆ ಕೈ ಹಚ್ಚಬ್ಯಾಡ. ನಮ್ಮಪ್ಪನ ಕಾಲದಿಂದ ಅಲ್ಲೇ ಐತಿ’ ಎಂದರು ಸಾಹುಕಾರರು. ಅವರಪ್ಪನ ಕಾಲದಲ್ಲಿ ಕಂಪ್ಯೂಟರು ಎಲ್ಲಿತ್ತು ಎಂದು ಕೇಳಲು ನನ್ನ ನಾಲಿಗೆ ತುರಿಸಿತು.

ಕಾಕಾ ಅಷ್ಟೇ ಶಾಂತವಾಗಿ, ‘ಬ್ಯಾಡ್ರಿ ಹಂಗಾರ. ಪೂಜಿ ಒಂಬತ್ತಕ್ಕ ಮಾಡ್ರಿ’ ಎಂದರು. ಇವತ್ತಿಗೂ ಆ ಅಂಗಡಿಯಲ್ಲಿ ಒಂಬತ್ತಕ್ಕೆ ಗಂಟೆ ಮೊಳಗುತ್ತದೆ. ಸಾಹುಕಾರರಿಗೆ ವಯಸ್ಸಾದಂತೆ ಭಕ್ತಿ ಹೆಚ್ಚಾಗಿದೆ ಎಂದು ಪೇಟೆಯೆಲ್ಲ ಮಾತಾಡುತ್ತದೆ.

ಇನ್ನು ನನ್ನ ವಿಷಯ. ನನಗೆ ಬರುವ ಒಂದೇ ವಿದ್ಯೆ, ಮಂದಿಯ ಧ್ವನಿ ತೆಗೆಯುವುದು. ಬಸ್ ಸ್ಟ್ಯಾಂಡಿನ ಮೈಕಿನ ಹೆಣ್ಣುಮಗಳು, ಶಿರಹಟ್ಟಿ ಬಸ್ಸಿನ ಕಂಡಕ್ಟರು, ನಮ್ಮ ಗಿರಣಿಯ ಬೆಲ್ಟು, ಎಲ್ಲ ನನ್ನ ಗಂಟಲಲ್ಲಿ ಇವೆ. ಕಾಕಾನ ಧ್ವನಿ ತೆಗೆಯುವುದಂತೂ ಸಲೀಸು. ಎಡಗಲ್ಲಕ್ಕೆ ಒಂದು ಶೇಂಗಾ ಕಾಳು ತಳ್ಳಿ, ಮೂಗಿನಿಂದ ಅರ್ಧ ಉಸಿರು ಬಿಟ್ಟು, ‘ಹ್ಞಾ... ಹೇಳವಾ’ ಎಂದರೆ ಕಾಕಾ ತಯಾರು. ಗಿರಣಿ ಪಕ್ಕದ ಚಹಾದಂಗಡಿಯವನಿಗೆ ಮೆಟ್ಟಿಲ ಮೇಲಿಂದ ಕಾಕಾನ ಧ್ವನಿಯಲ್ಲಿ ಎರಡು ಚಹಾ ಹೇಳಿ ನಾನೊಬ್ಬನೇ ಎರಡನ್ನೂ ಕುಡಿದದ್ದಿದೆ. ಕಾಕಾನ ಎದುರಿಗೂ ಮಾಡಿ ತೋರಿಸುತ್ತಿದ್ದೆ. ಅವರು ಪೂರ್ತಿ ಕೇಳಿ, ‘ನಾ ಇಷ್ಟು ಕೆಟ್ಟದಾಗಿ ಮಾತಾಡ್ತೀನೇನಲೇ?’ ಎಂದು ಕೇಳುತ್ತಿದ್ದರು. ಕೇಳಿ ಮತ್ತೊಮ್ಮೆ ಮಾಡಿಸುತ್ತಿದ್ದರು.

ಆದರೆ ನನ್ನ ಸ್ವಂತ ಧ್ವನಿಗೆ ಪೇಟೆಯಲ್ಲಿ ಬೆಲೆ ಇರಲಿಲ್ಲ. ಫೋನು ನಾನು ಎತ್ತಿದರೆ ಗಿರಾಕಿಗಳು ‘ಕಾಕಾಗ ಕೊಡು’ ಎನ್ನುತ್ತಿದ್ದರು. ಕಾಕಾ ಇಲ್ಲ ಎಂದರೆ ‘ಹಂಗಾರ ಇಡು.’ ಎರಡೂವರೆ ವರ್ಷದಲ್ಲಿ ಒಬ್ಬರಾದರೂ ‘ಇರಲಿ, ನೀನಽ ಹೇಳು’ ಎನ್ನಲಿಲ್ಲ. ಇದು ನನಗೆ ಒಳಗೊಳಗೇ ಚುಚ್ಚುತ್ತಿತ್ತು. ಹೋದ ವರ್ಷ ಕಾಕಾ ತಮ್ಮ ಅಣ್ಣನ ಮಗಳ ಕುಬಸಕ್ಕೆಂದು, ಅಂದರೆ ಸೀಮಂತಕ್ಕೆಂದು, ಎರಡು ದಿನ ಹಿರೇವಡ್ಡಟ್ಟಿಗೆ ಹೋದರು. ‘ಕುಬಸದ ಮನ್ಯಾಗ ಫೋನ್ ಬ್ಯಾಡ’ ಎಂದು ಅದನ್ನು ಅಂಗಡಿಯಲ್ಲೇ ಬಿಟ್ಟರು. ಅಮಾವಾಸ್ಯೆಯ ಮರುದಿನ ಅದು. ಹತ್ತು ಗಂಟೆಗೆ ಫೋನು ರಿಂಗಾಯಿತು. ನನ್ನ ಕೈ ತಾನಾಗಿ ಶೇಂಗಾ ಡಬ್ಬಿಗೆ ಹೋಯಿತು.

ಕರೆ ಲಕ್ಷ್ಮೇಶ್ವರದಿಂದ. ಅಲ್ಲಿ ಒಬ್ಬ ಅಕ್ಕ ಇದ್ದಾರೆ, ಮನೆಯ ಪಡಸಾಲೆಯಲ್ಲಿ ಕಸೂತಿ ಮಷಿನ್ ಇಟ್ಟುಕೊಂಡವರು. ಹಳೆಯ ಕಸೂತಿಯನ್ನು ಎಳೆ ಎಣಿಸಿ ಎಣಿಸಿ ಕಂಪ್ಯೂಟರಿನಲ್ಲಿ ಬಿಡಿಸುತ್ತಾರೆ, ಮಷಿನ್ ಅದನ್ನು ಸೀರೆಯ ಮೇಲೆ ಹೊಲಿಯುತ್ತದೆ. ಬಿಡಿಸುವ ಕಂಪ್ಯೂಟರು ಪಡಸಾಲೆಯಲ್ಲಿ, ಚಿತ್ರಗಳ ಫೈಲೆಲ್ಲ ಒಳಕೋಣೆಯ ಮುದಿ ಕಂಪ್ಯೂಟರಿನಲ್ಲಿ. ಎರಡಕ್ಕೂ ಸೇರಿ ಮುಂಜಾನೆ ಒಂದೇ ಮೇನ್ ಸ್ವಿಚ್. ಪಡಸಾಲೆಯದಕ್ಕೆ ಕಾಕಾ ಹೊಸ ಡಿಸ್ಕ್ ಹಾಕಿದ ಮೇಲೆ ಅದು ಚುರುಕಾಗಿತ್ತು.

‘ಕಾಕಾರ, ಮುಂಜಾನಿ ಹಚ್ಚಿದ್ರ ಕರೇ ಪರದಾದಾಗ ನಿಂತುಬಿಡ್ತೈತ್ರಿ. ಮುಂದ ಹೋಗವಲ್ದು.’

ಕಾರಣ ನನಗೆ ಕ್ಷಣದಲ್ಲಿ ಹೊಳೆಯಿತು. ಚುರುಕಿನದು ಮೊದಲು ಎದ್ದು ಮುದಿಯದನ್ನು ಕರೆಯುತ್ತದೆ, ಮುದಿಯದು ಇನ್ನೂ ಕಣ್ಣುಜ್ಜುತ್ತಿದೆ. ಉತ್ತರವಿಲ್ಲ. ಹಾಗಾದಾಗ ನಿಂತುಬಿಡಬೇಕು, ಮುಂದೆ ಹೋಗಕೂಡದು ಎಂದು ಕಾಕಾನೇ ಅದರೊಳಗೆ ಬರೆದಿದ್ದರು. ‘ಸಿಗಲಿಲ್ಲಂದ್ರ ನಿಂದ್ರಬೇಕು, ಸಿಕ್ಕೈತಿ ಅಂತ ನಾಟಕ ಮಾಡಬಾರ್ದು’ ಎಂಬುದು ಅವರ ಹಟ. ನನಗೆ ಅದು ಹಳೇ ಕಾಲದ ಮಂದಿಯ ಮೊಂಡುತನ ಅನ್ನಿಸುತ್ತಿತ್ತು.

‘ಹ್ಞಾ... ಒಂದು ಸಲ ಬಂದ್ ಮಾಡಿ ಹಚ್ಚವಾ’ ಎಂದೆ ಶೇಂಗಾ ಹೊರಳಿಸುತ್ತ. ಅಷ್ಟರಲ್ಲಿ ಮುದಿಯದು ಎದ್ದಿದ್ದರಿಂದ ಈ ಸಲ ಹಾಸಿಕೊಂಡಿತು. ನಾನು ಬೆಟಗೇರಿಯಿಂದಲೇ ಇಂಟರ್ನೆಟ್ಟಿನ ದಾರಿಯಲ್ಲಿ ಆ ಕಂಪ್ಯೂಟರಿನೊಳಗೆ ಹೊಕ್ಕು, ಕಾಕಾ ಬರೆದ ಸಾಲಿನ ಕೊನೆಗೆ ಒಂದೇ ಒಂದು ಪದ ಸೇರಿಸಿದೆ. ಸಿಗದಿದ್ದರೂ ನಿಲ್ಲಬೇಡ, ಮುಂದೆ ನಡೆ ಎಂದು ಅದರರ್ಥ. ಎರಡು ನಿಮಿಷದ ಕೆಲಸ. ಟೇಬಲ್ಲಿನ ಮೇಲೆ ಕಾಲಿಟ್ಟು ಕುಳಿತೆ.

ಮರುದಿನ ಮತ್ತೆ ಫೋನು. ‘ಕಾಕಾರ, ಈಗ ಏನೋ ಜಲ್ದಿ ಏಳ್ತೈತಿ ಖರೆ. ಆದ್ರ ಫೋಲ್ಡರ್ ಖಾಲಿ ಐತಲ್ರೀ? ನನ್ನ ಹಳೇ ಚಿತ್ರ ಎಲ್ಲಿ?’

‘ಅವು ಒಳಗಿನ ಕೋಣ್ಯಾಗ ಭದ್ರ ಅದಾವವಾ. ಖಾಲಿ ಕಂಡ್ರ ಚಿಂತಿ ಮಾಡಬ್ಯಾಡ. ನೀ ಹೊಸಾ ಕೆಲಸ ಮಾಡಕೋತ ಹೋಗು, ಅವು ತಾವಽ ಬರ್ತಾವು.’

ಎಷ್ಟು ಗಾಂಭೀರ್ಯ, ಎಷ್ಟು ಭರವಸೆ! ನನ್ನ ಧ್ವನಿ ಕೇಳಿ ನನಗೇ ಸಮಾಧಾನವಾಯಿತು. ಸಂಜೆಗೆ ಕಾಕಾ ಕುಬಸದ ಬುತ್ತಿ ತಂದರು, ನಾನು ಎಳ್ಳು ಹಚ್ಚಿದ ರೊಟ್ಟಿ ತಿಂದು ಎಲ್ಲವನ್ನೂ ಮರೆತೆ.

ಮೂರು ವಾರದ ಮೇಲೆ ಮತ್ತೆ ಅದೇ ಅಕ್ಕನ ಫೋನು. ಈ ಸಲ ಎತ್ತಿದವರು ಕಾಕಾ. ಕೇಳುತ್ತ ಕೇಳುತ್ತ ಅವರ ಅಡಿಕೆ ಅಗಿಯುವುದು ನಿಂತಿತು. ‘ಏನೂ ಬಂದ್ ಮಾಡಬ್ಯಾಡವಾ, ಹಂಗಽ ಇರ್ಲಿ’ ಎಂದು ಚೀಲ ಎತ್ತಿಕೊಂಡು ಮೆಟ್ಟಿಲಿಳಿದರು. ಕಾಕಾ ಬಸ್ಸಿಗಾಗಿ ಓಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಧೋತರ ಒಂದು ಕೈಯಲ್ಲಿ, ಚೀಲ ಇನ್ನೊಂದು ಕೈಯಲ್ಲಿ, ಹಿಂದೆ ನಾನು.

ಲಕ್ಷ್ಮೇಶ್ವರದಲ್ಲಿ ಅಕ್ಕ ಬಾಗಿಲಲ್ಲೇ ನಿಂತಿದ್ದರು. ನೀರು ಕೊಟ್ಟು ಹೇಳತೊಡಗಿದರು. ಆ ಮೂರು ವಾರ ಅವರು ಮಾಡಿದ್ದು ಒಂದೇ ಕೆಲಸ. ಅಡರಕಟ್ಟಿಯ ಒಂದು ಮನೆಯಲ್ಲಿ ಮುತ್ತಜ್ಜಿಯ ಕಾಲದ ಚಂದ್ರಕಾಳಿ ಸೀರೆ ಇತ್ತು. ಕಪ್ಪು ಸೀರೆ, ಸೆರಗಿನ ತುಂಬ ಕೈಕಸೂತಿ. ಕಾಡಿ ಬೇಡಿ ಅದನ್ನು ತಂದು, ಭೂತಗನ್ನಡಿ ಹಿಡಿದು ಒಂದೊಂದೇ ಎಳೆ ಎಣಿಸಿ ಕಂಪ್ಯೂಟರಿನಲ್ಲಿ ಬಿಡಿಸಿದ್ದರು. ಗೋಪುರ, ತುಳಸಿಕಟ್ಟೆ, ಗಿಳಿ, ಆನೆ. ಮೂರನೆಯ ಸಾಲಿನ ಒಂದು ಆನೆಗೆ ಆ ಮುತ್ತಜ್ಜಿ ಲೆಕ್ಕ ತಪ್ಪಿ ಐದು ಕಾಲು ಹೊಲಿದಿದ್ದರಂತೆ. ಅಕ್ಕ ಆ ಐದನೆಯ ಕಾಲನ್ನೂ ಬಿಡಲಿಲ್ಲ. ಮುಗಿದ ದಿನ ಪಡಸಾಲೆಯ ಕಂಪ್ಯೂಟರೊಂದನ್ನೇ ಬಂದ್ ಮಾಡಿ, ಅವಸರದಲ್ಲಿ ಸೀರೆ ತಿರುಗಿಸಿ ಕೊಡಲು ಅಡರಕಟ್ಟಿಗೆ ಹೋದರು. ಮರುದಿನ ಮುಂಜಾನೆ ಹಚ್ಚಿ ನೋಡಿದರೆ ಹಳೆಯ ಚಿತ್ರಗಳೆಲ್ಲ ಬಂದು ಕುಳಿತಿವೆ, ಹೊಸದೊಂದೂ ಇಲ್ಲ.

‘ಎರಡು ದಿನ ಹುಡುಕಿದ್ನಿರಿ. ಇರೋವೂ ಹೋದಾವು ಅಂತ ಬಂದ್ ಮಾಡಾಕೂ ಅಂಜಿಕಿ. ಆಮ್ಯಾಲ ಸೀರಿ ಮತ್ತೊಮ್ಮೆ ಕೊಡ್ರಿ ಅಂತ ಅಡರಕಟ್ಟಿಗೆ ಫೋನ್ ಹಚ್ಚಿದೆ.’

‘ಏನಂದ್ರು?’

‘ಕೌದಿ ಹೊಲಿಯೋರು ಬಂದಿದ್ರಂತ್ರಿ. ಕತ್ತರಿಸಿ ಕೊಟ್ಟೀವಿ ಅಂದ್ರು. ಅದಕ್ಕಽ ಅಂತ ಅಷ್ಟು ಅವಸರ ಮಾಡಿ ಇಸ್ಕೊಂಡಿದ್ರು.’ ಅಕ್ಕ ಸೆರಗಿನಿಂದ ಮೂಗೊರೆಸಿಕೊಂಡರು. ‘ನೂರು ವರ್ಷ ಪೆಟಗ್ಯಾಗ ಇತ್ತು. ಈಗ ಯಾರ ಹಾಸಿಗ್ಯಾಗ ಯಾವ ತುಣುಕು ಐತೋ. ಆನಿ ಇದ್ದದ್ದು ಈ ಕಂಪ್ಯೂಟರಿನ್ಯಾಗಽ ಅಷ್ಟ.’

ನಾನು ಮಷಿನ್ನಿನ ಕಡೆ ಎರಡು ಹೆಜ್ಜೆ ಸರಿದೆ.

‘ಫೋಲ್ಡರ್ ಖಾಲಿ ಕಂಡಾಗ ನನಗ ಯಾಕ ಹೇಳಲಿಲ್ಲವಾ?’ ಕಾಕಾ ಕೇಳಿದರು.

‘ಹೇಳಿದ್ನೆಲ್ರೀ ಕಾಕಾರ! ಅಮಾಸಿ ಆದ ಮ್ಯಾಲ ಎರಡು ದಿನ ಫೋನ್ ಮಾಡಿದ್ದೆ. ಖಾಲಿ ಕಂಡ್ರ ಚಿಂತಿ ಮಾಡಬ್ಯಾಡ ಅಂತ ನೀವಽ ಅಂದ್ರಿ.’

ಅಮಾವಾಸ್ಯೆಯ ಮರುದಿನ ತಾವು ಎಲ್ಲಿದ್ದೆವು ಎಂಬುದು ಕಾಕಾನಿಗೆ ಗೊತ್ತು. ಫೋನು ಎಲ್ಲಿತ್ತು ಎಂಬುದೂ ಗೊತ್ತು. ಅವರು ನನ್ನ ಕಡೆ ತಿರುಗಿ ನೋಡಿದರು. ನಾನು ಕಸೂತಿ ಮಷಿನ್ನನ್ನು ಜೀವನದಲ್ಲಿ ಮೊದಲ ಸಲ ನೋಡುವವನಂತೆ ನೋಡುತ್ತಿದ್ದೆ. ಅಡಿಕೆ ಹೋಳು ಎಡಗಲ್ಲದಿಂದ ಬಲಗಲ್ಲಕ್ಕೆ ಹೋಯಿತು.

‘ಹೌದವಾ’ ಎಂದರು ಕಾಕಾ. ‘ನಾನಽ ಅಂದಿದ್ದೆ. ತಪ್ಪಾತು ನಂದು.’

ಬೈದಿದ್ದರೆ ಅವರ ಬೈಗುಳದ ಧಾಟಿಯನ್ನಾದರೂ ಗಂಟಲಿಗೆ ಹಾಕಿಕೊಳ್ಳುತ್ತಿದ್ದೆ. ಇದನ್ನು ಏನು ಮಾಡಬೇಕೋ ತಿಳಿಯಲಿಲ್ಲ.

‘ಮನ್ಯಾಗ ಜಮಖಾನಿ ಐತೇನವಾ? ಒಂದು ಕತ್ರಿನೂ ತಾ.’

ಅಕ್ಕ ಎರಡನ್ನೂ ತಂದರು. ಕಾಕಾ ಕತ್ತರಿಯನ್ನು ಬರಿನೆಲದ ಮೇಲೆ ಇಟ್ಟು, ಅದರ ಮೇಲೆ ಜಮಖಾನೆ ಹಾಸಿದರು.

‘ಕತ್ರಿ ಕಾಣಸ್ತೈತೇನು?’

‘ಇಲ್ರಿ.’

‘ಕಳಕೊಂಡೀಯೇನು?’

‘ಇಲ್ರೀ, ಬುಡಕ ಐತಲ್ಲ.’

‘ಒಳಗಿನ ಫೋಲ್ಡರ್ ಅಂದ್ರ ಈ ಜಮಖಾನಿ. ಇದು ಹಾಸದ ದಿನ ನೀ ಬರಿನೆಲದ ಮ್ಯಾಲ ಕೆಲಸ ಮಾಡಿ, ಅಲ್ಲೇ ಇಟ್ಟಿ. ಮೊನ್ನೆ ಒಳಗಿಂದು ಎದ್ದೇ ಇತ್ತು, ಜಮಖಾನಿ ಬಂದು ನಿನ್ನ ಕೆಲಸದ ಮ್ಯಾಲ ಹಾಸ್ತು.’ ಅಕ್ಕನ ಮುಖ ಅರಳುವಷ್ಟರಲ್ಲಿ ಕಾಕಾ ಕೈ ಅಡ್ಡ ಹಿಡಿದರು. ‘ಇನ್ನಾ ನಂಬಬ್ಯಾಡ. ಎತ್ತಿ ನೋಡೂಣು.’

ಎತ್ತುವ ಕೆಲಸ ನನಗೆ ಬಂತು. ಹತ್ತೇ ಅಕ್ಷರ ಒತ್ತಬೇಕು. ಮೂರು ಸಲ ತಪ್ಪು ಒತ್ತಿದೆ. ನಾಲ್ಕನೆಯ ಸಲ ಸರಿ ಒತ್ತಿದರೆ ಕಂಪ್ಯೂಟರು ಒಪ್ಪಲಿಲ್ಲ. ಆ ಫೋಲ್ಡರು 'ಬಳಕೆಯಲ್ಲಿದೆ' ಎಂದಿತು.

ಕಾಕಾ ಕನ್ನಡಕ ಏರಿಸಿ ಓದಿ, ‘ಜಮಖಾನಿ ಮ್ಯಾಲ ಯಾರೋ ಕುಂತಾರ. ಎಬ್ಬಿಸು’ ಎಂದರು. ನಿಜ, ಅಕ್ಕ ಎರಡು ದಿನದಿಂದ ಹುಡುಕುತ್ತ ಆ ಫೋಲ್ಡರನ್ನು ತೆರೆದೇ ಇಟ್ಟಿದ್ದರು. ಮುಚ್ಚಿದೆ. ಮತ್ತೆ ಒತ್ತಿದೆ. ಹಳೆಯ ಚಿತ್ರಗಳ ಸಾಲು ಮಾಯವಾಗಿ, ಆ ಜಾಗದಲ್ಲಿ ಮೂರು ವಾರದ ಕೆಲಸ ಬಂದು ನಿಂತಿತು. ಅಕ್ಕ ನನ್ನನ್ನು ಕುರ್ಚಿಯಿಂದ ತಳ್ಳಿಯೇಬಿಟ್ಟರು. ಸೆರಗಿನ ಚಿತ್ರ ತೆರೆದು, ಮೂರನೆಯ ಸಾಲಿಗೆ ಹೋಗಿ, ಪರದೆಯ ಮೇಲೆ ಬೆರಳಿಟ್ಟು ಎಣಿಸಿದರು. ‘ಒಂದ, ಎರಡ, ಮೂರ, ನಾಕ... ಐದ.’ ಕಾಕಾ ಒಂದು ಪ್ರತಿಯನ್ನು ಒಳಗಿನ ಕಂಪ್ಯೂಟರಿಗೆ, ಇನ್ನೊಂದನ್ನು ಪೆನ್ ಡ್ರೈವಿಗೆ ಹಾಕಿಸಿದರು. ಪೆನ್ ಡ್ರೈವನ್ನು ಅಕ್ಕ ತಾಳಿಯ ಪಕ್ಕದ ಪಿನ್ನಿಗೆ ಸಿಕ್ಕಿಸಿಕೊಂಡರು.

ತಿರುಗಿ ಬರುವಾಗ ಬಸ್ಸಿನಲ್ಲಿ ಕಾಕಾನ ಪಕ್ಕದಲ್ಲೇ ಕುಳಿತೆ. ತಡೆಯಲಾರದೆ ಕೇಳಿದೆ. ‘ನಿಮ್ಮ ಮ್ಯಾಲ ಯಾಕ ತಗೊಂಡ್ರಿ ಕಾಕಾ?’

‘ಮತ್ತೇನು ಮಾಡ್ಲೋ? ಅದು ನಾನಲ್ಲವಾ ಅಂದ್ರ, ನಾಳಿಂದ ನಾ ಖರೇನಽ ಫೋನ್ ಎತ್ತಿದ್ರೂ ಆಕಿ ನಂಬಂಗಿಲ್ಲ. ಫೋನಿನ್ಯಾಗ ದಿನಾ ಆಧಾರ್ ಕಾರ್ಡ್ ತೋರಸ್ಲೇನು?’

ನಗು ಬಂತು, ನಗಲಾಗಲಿಲ್ಲ. ಕಾಕಾ ರೊಟ್ಟಿ ಬಿಚ್ಚಿ ಅರ್ಧ ನನಗೆ ಕೊಟ್ಟು ಎಂದರು: ‘ಮುಂದಿನ ಸೋಮಾರ ನೀನೊಬ್ಬನಽ ಹೋಗು. ಅದನ್ನ ಬರೊಬ್ಬರಿ ಮಾಡಿ ಬಾ.’ ಕಂಪ್ಯೂಟರನ್ನೋ, ಇನ್ನೊಂದನ್ನೋ, ಬಿಡಿಸಿ ಹೇಳಲಿಲ್ಲ.

ಸೋಮವಾರ ಹೋದೆ. ಒಳಗಿನದು ಎದ್ದು ಉತ್ತರ ಕೊಡುವವರೆಗೆ ಹೊರಗಿನದು ಕಾಯುವ ಹಾಗೆ ಬರೆದೆ. ಕಾದರೂ ಸಿಗದಿದ್ದರೆ ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ಹೇಳುವ ಹಾಗೆ ಬರೆದೆ. ಜಮಖಾನೆ ಇಲ್ಲದಾಗ ಬರಿನೆಲದ ಮೇಲೆ ಯಾರೂ ಏನೂ ಇಡಲು ಬಾರದಂತೆ ನೆಲಕ್ಕೇ ಬೀಗ ಹಾಕಿದೆ. ಎಲ್ಲ ಆದ ಮೇಲೆ ಅಕ್ಕ ಚಹಾ ತಂದರು, ಮಷಿನ್ನಿಗೆ ಕಪ್ಪು ದಾರ ಪೋಣಿಸತೊಡಗಿದರು. ಚಹಾ ಆರಿತು.

‘ಅಕ್ಕಾರ, ಆವತ್ತು ಫೋನಿನ್ಯಾಗ ಮಾತಾಡಿದ್ದು ಕಾಕಾ ಅಲ್ರೀ. ನಾನು.’

ದಾರ ಪೋಣಿಸುವ ಕೈ ನಿಲ್ಲಲಿಲ್ಲ. ‘ಗೊತ್ತೈತಿ.’

‘ಕಾಕಾ ಹೇಳಿದ್ರೇನ್ರಿ?’

‘ಅವರ್ಯಾಕ ಹೇಳ್ತಾರ? ಫೋನ್ ಇಟ್ಟಾಗಽ ನನಗ ಒಂದು ಸಂಶೆ ಬಂದಿತ್ತು. ಕಾಕಾರಿಗೆ ಏನರ ಕೇಳು, ಎರಡು ಮಾತಿನ್ಯಾಗ ಒಂದು ಸಲ “ನಂಗ ಗೊತ್ತಿಲ್ಲವಾ, ಬಂದು ನೋಡ್ತೀನಿ” ಅಂತಾರ. ಆವತ್ತು ನಾ ಎಂಟು ಕೇಳಿದ್ರ ಎಂಟಕ್ಕೂ ಉತ್ತರ ಬಂತು. ಕಾಕಾರಿಗೆ ಮೈಯಾಗ ಆರಾಮಿಲ್ಲೇನೋ ಅಂದ್ಕೊಂಡೆ. ಮೊನ್ನೆ ಅವರು ನಿನ್ನ ಕಡೆ ತಿರುಗಿ ನೋಡಿದಾಗ ಗೊತ್ತಾತು.’

ನಾನು ಲೋಟ ಕೆಳಗಿಟ್ಟೆ. ಆ ಮಾತನ್ನು ಕಾಕಾನ ಬಾಯಲ್ಲಿ ಸಾವಿರ ಸಲ ಕೇಳಿದ್ದೆ. ಒಂದು ಸಲವೂ ಅನುಕರಿಸಿರಲಿಲ್ಲ. ಅದಕ್ಕೆ ಯಾರೂ ನಗುವುದಿಲ್ಲವಲ್ಲ, ಯಾಕೆ ಅನುಕರಿಸಲಿ?

‘ಮತ್ತ ಕಾಕಾ ತಪ್ಪಾತು ಅಂದಾಗ ನೀವು ಸುಮ್ಮನಿದ್ರಿ?’

‘ಹಿರೇರು ಬಾಯಿಬಿಟ್ಟು ತಮ್ಮ ಮ್ಯಾಲ ತಗೊಂಡಾರ. ಅವರ ಮಾತು ನಾ ಯಾಕ ಸುಳ್ಳು ಮಾಡ್ಲಿ?’ ಅಕ್ಕ ಹಲ್ಲಿನಿಂದ ದಾರ ಕಡಿದರು. ‘ಅದು ಬಿಡು. ಈಗ ನೀ ಮಾಡೀಯಲ್ಲ ತಮ್ಮಾ, ಮಳಿಗಾಲದಾಗ ಕರೆಂಟ್ ಬಂದು ಹೋಗಿ ಬಂದು ಹೋಗಿ ಮಾಡ್ತೈತಿ. ಆವಾಗ ಇದು ತಡೀತೈತೇನು?’

ಒಂದಲ್ಲ, ಮೂರು ಉತ್ತರ ಗಂಟಲಿಗೆ ಬಂದು ಸಾಲುಗಟ್ಟಿ ನಿಂತವು. ಮೂರೂ ಕಾಕಾನ ಧ್ವನಿಯಲ್ಲೇ ಇದ್ದವು, ಮೂರೂ ಬಹಳ ಗಂಭೀರವಾಗಿದ್ದವು.

‘ನಂಗ ಗೊತ್ತಿಲ್ರೀ ಅಕ್ಕಾರ’ ಎಂದೆ. ‘ಹಚ್ಚಿ ಆರಿಸಿ ನೋಡಬೇಕು.’

ಅಕ್ಕ ಎದ್ದು ಹೋಗಿ ಮೇನ್ ಸ್ವಿಚ್ ಕೆಳಗೆಳೆದರು. ಮತ್ತೆ ಏರಿಸಿದರು. ಕಾದೆವು, ಹಾಸಿಕೊಂಡಿತು. ಮತ್ತೆ ಎಳೆದರು. ಹೀಗೆ ಎಂಟು ಸಲ ಎಲ್ಲ ಸುರಳೀತ. ಒಂಬತ್ತನೆಯ ಸಲ ಒಳಗಿನ ಮುದಿಯದು ಏಳಲೇ ಇಲ್ಲ, ಕಾದೂ ಕಾದು ಕೆಂಪು ಅಕ್ಷರ ಬಂತು. ಫೋಲ್ಡರು ಖಾಲಿ. ಅಕ್ಕ ಪಿನ್ನಿನಿಂದ ಪೆನ್ ಡ್ರೈವು ಬಿಚ್ಚಿ, ಹಚ್ಚಿ, ಐದು ಕಾಲಿನ ಆನೆಯನ್ನು ಎಳೆದು ತಂದು ಆ ಖಾಲಿ ಫೋಲ್ಡರಿನ ಮೇಲೆ ಬಿಟ್ಟರು. ಕಂಪ್ಯೂಟರು ಅದನ್ನು ತೆಗೆದುಕೊಳ್ಳಲಿಲ್ಲ. ಇಲ್ಲಿ ಇಡಲು ಬರುವುದಿಲ್ಲ ಎಂದಿತು.

ಅಕ್ಕ ಅದನ್ನು ಎರಡು ಸಲ ಓದಿ, ನನ್ನ ಕಡೆ ಒಮ್ಮೆ ನೋಡಿ, ಪರದೆಯ ಕಡೆ ಒಮ್ಮೆ ನೋಡಿ ನಕ್ಕರು.

‘ಛಲೋ ಆತು ತಗೋ. ಗೊತ್ತಿಲ್ಲ ಅನ್ನೂದು ಇದಕ್ಕೂ ಬಂತು.’